ಗೋಡೆಗಿಂತ ಮೊದಲು ಮೊಣಕೈ ಅಳೆದವರು: ಅಡುಗೆಮನೆಯ ನಕ್ಷೆ ಬರೆಸಿದ ಅನುಭವ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮಾವನವರು 1986ರಲ್ಲಿ ಕಟ್ಟಿಸಿದ ಮನೆಯ ಅಡುಗೆಮನೆಯನ್ನು ಕಳೆದ ವರ್ಷ ಪೂರ್ತಿಯಾಗಿ ಒಡೆಸಿ ಹೊಸದಾಗಿ ಮಾಡಿಸಿದೆವು. ಇದು ಆ ಕೆಲಸದ ಒಟ್ಟು ಕಥೆಯಲ್ಲ. ಒಲೆ ಎಲ್ಲಿರಬೇಕು, ನೀರು ಎಲ್ಲಿ ಬರಬೇಕು, ಕಟ್ಟೆ ಎಷ್ಟು ಎತ್ತರವಿರಬೇಕು ಎಂಬುದನ್ನು ತೀರ್ಮಾನಿಸುವ ನಕ್ಷೆಯೊಂದಕ್ಕೇ ನಾವು ಪ್ರತ್ಯೇಕವಾಗಿ ಹಣ ಕೊಟ್ಟು ಪಡೆದ ಸೇವೆಯ ವಿಮರ್ಶೆ. ಕಪಾಟು ಮಾರದ, ಬಡಗಿಯನ್ನೂ ಮೇಸ್ತ್ರಿಯನ್ನೂ ತಾವಾಗಿ ಕರೆತರದ, ನಕ್ಷೆ ಬರೆದುಕೊಟ್ಟು ದೂರ ಸರಿಯುವ ಇಬ್ಬರ ಸಣ್ಣ ಕಚೇರಿ ಅದು. ಅವರ ಬಗ್ಗೆ ಹೊಗಳಿ ಹೇಳುವುದೂ ಇದೆ, ದೂರುವುದೂ ಇದೆ. ದೂರಿನ ಪಾಲು ಚಿಕ್ಕದಲ್ಲವಾದ್ದರಿಂದ ಹೆಸರನ್ನು ಬರೆಯುವುದಿಲ್ಲ.

ಮೊದಲು ಹಳೆಯ ಅಡುಗೆಮನೆಯನ್ನು ಸ್ವಲ್ಪ ವಿವರಿಸಬೇಕು. ಅಗಲ ಏಳೂವರೆ ಅಡಿ, ಉದ್ದ ಹನ್ನೊಂದು ಅಡಿ. ಉತ್ತರದ ಬಾಗಿಲು ಊಟದ ಕೋಣೆಗೆ, ದಕ್ಷಿಣದ ಬಾಗಿಲು ಹಿತ್ತಿಲ ಜಗಲಿಗೆ ತೆರೆದುಕೊಳ್ಳುತ್ತದೆ. ಪೂರ್ವದ ಗೋಡೆ ಹೊರಗೋಡೆ, ಅದರ ನಡುವೆ ಒಂದು ಮರದ ಕಿಟಕಿ. ಕಟ್ಟೆಗೆ ಆ ಕಾಲದ ಎಲ್ಲರಂತೆ ಕಡಪಾ ಕಲ್ಲು ಹಾಕಿಸಿದ್ದರು. ಅದು ಸುಣ್ಣದ ಅಂಶವಿರುವ ಕಲ್ಲಾದ್ದರಿಂದ ಮೂವತ್ತೇಳು ವರ್ಷಗಳ ಹುಣಸೆಹಣ್ಣು, ನಿಂಬೆಹಣ್ಣಿನ ಹುಳಿಯೆಲ್ಲ ಅದರ ಮೈಯನ್ನು ತಿಂದು, ಎಷ್ಟು ಉಜ್ಜಿದರೂ ಬೂದಿ ಬಡಿದಂತೆಯೇ ಕಾಣುತ್ತಿತ್ತು. ಗೋಡೆಯಲ್ಲಿ ವಿದ್ಯುತ್ತಿನ ಎರಡೇ ಪಾಯಿಂಟುಗಳಿದ್ದವು. ಮಿಕ್ಸಿ ಹಾಕಬೇಕಾದರೆ ನೀರಿನ ಫಿಲ್ಟರಿನ ಪ್ಲಗ್ ಕೀಳಬೇಕು. ಗ್ರೈಂಡರ್ ಜಗಲಿಯ ನೆಲದ ಮೇಲೆ ಕೂತಿತ್ತು. ಎಪ್ಪತ್ತಾರರ ನಮ್ಮ ಅತ್ತೆಯವರು ದೋಸೆಹಿಟ್ಟು ರುಬ್ಬಲು ಪ್ರತಿಸಲವೂ ಬಗ್ಗಿ ಏಳಬೇಕಿತ್ತು.

ನಕ್ಷೆಗೆ ಪ್ರತ್ಯೇಕವಾಗಿ ಹಣ ಕೊಡುವ ಯೋಚನೆ ನಮಗೆ ಮೊದಲು ಇರಲೇ ಇಲ್ಲ. ಮಾಡ್ಯುಲರ್ ಕಿಚನ್ ಮಾರುವ ಅಂಗಡಿಗಳು ನಕ್ಷೆಯನ್ನು ಉಚಿತವಾಗಿಯೇ ಮಾಡಿಕೊಡುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗೆಯೇ ಒಂದು ಅಂಗಡಿಯಿಂದ ಬಂದ ಯುವಕ ಲೇಸರ್ ಉಪಕರಣದಿಂದ ಇಪ್ಪತ್ತು ನಿಮಿಷದಲ್ಲಿ ನಾಲ್ಕೂ ಗೋಡೆಗಳನ್ನು ಅಳೆದುಕೊಂಡು ಹೋಗಿ, ಮೂರನೆಯ ದಿನಕ್ಕೆ ಕಂಪ್ಯೂಟರಿನಲ್ಲಿ ಬಿಡಿಸಿದ ಬಣ್ಣದ ಚಿತ್ರಗಳನ್ನು ಕಳಿಸಿದರು. ಚಿತ್ರ ಬಹಳ ಚೆನ್ನಾಗಿತ್ತು. ಬಿಳಿ ಹೊಳಪಿನ ಕಪಾಟುಗಳು, ಕಟ್ಟೆಯ ಮೇಲೆ ಒಂದು ಹೂದಾನಿ, ಪಕ್ಕದ ತಟ್ಟೆಯಲ್ಲಿ ಮೂರು ಹಸಿರು ಸೇಬು. ಕುಕ್ಕರ್ ಇರಲಿಲ್ಲ, ಇಡ್ಲಿ ಪಾತ್ರೆ ಇರಲಿಲ್ಲ, ಗ್ರೈಂಡರಿಗೆ ಜಾಗವೇ ಇರಲಿಲ್ಲ. ಅಡುಗೆ ಅನಿಲದ ಸಿಲಿಂಡರನ್ನು ಒಲೆಯ ಕೆಳಗೆ ಗಾಳಿಯಾಡಲು ಒಂದು ತೂತೂ ಇಲ್ಲದ ಕಪಾಟಿನಲ್ಲಿ ಮುಚ್ಚಿಟ್ಟಿದ್ದರು. ಒಟ್ಟು ಬೆಲೆಯನ್ನು ಕಪಾಟಿನ ಚದರಡಿಯ ಲೆಕ್ಕದಲ್ಲಿ ಕೊಟ್ಟಿದ್ದರಿಂದ, ಗೋಡೆಯಲ್ಲಿ ಖಾಲಿ ಬಿಟ್ಟ ಜಾಗವೆಲ್ಲ ಅವರ ಪಾಲಿಗೆ ಮಾರಾಟವಾಗದ ಜಾಗ ಎಂಬುದು ಆ ಚಿತ್ರವನ್ನು ಎರಡನೆಯ ಸಲ ನೋಡಿದಾಗ ನಮಗೆ ಹೊಳೆಯಿತು. ಕಪಾಟು ಮಾರುವವರು ಬರೆದ ನಕ್ಷೆಯಲ್ಲಿ ಕಪಾಟುಗಳೇ ಹೆಚ್ಚಾಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅದನ್ನು ಉಚಿತ ಎಂದು ನಾವು ನಂಬಿದ್ದೇ ತಪ್ಪು.

ಪರಿಚಿತರೊಬ್ಬರ ಮೂಲಕ ಈ ನಕ್ಷೆಯ ಕಚೇರಿಯ ವಿಷಯ ತಿಳಿದದ್ದು ಆಗಲೇ. ಅಡುಗೆಮನೆಯೊಂದಕ್ಕೆ ಒಟ್ಟು 18,000 ರೂಪಾಯಿ, ಎರಡು ಕಂತು. ಅದರಲ್ಲಿ ಮೂರು ಸಲ ಮನೆಗೆ ಬರುವುದು, ಒಂದು ಕರಡು ನಕ್ಷೆ, ತಿದ್ದಿದ ಕೊನೆಯ ನಕ್ಷೆ, ನೀರಿನ ಕೊಳವೆ ಮತ್ತು ವಿದ್ಯುತ್ ಪಾಯಿಂಟುಗಳ ಪ್ರತ್ಯೇಕ ಹಾಳೆಗಳು, ಯಾವ ಸಾಮಗ್ರಿ ಎಲ್ಲಿಗೆ ಎಂಬ ಪಟ್ಟಿ ಸೇರಿದ್ದವು. ಬಣ್ಣದ ಚಿತ್ರ ಇಲ್ಲ ಎಂದು ಮೊದಲೇ ಹೇಳಿದರು. ನನ್ನ ಪತಿಗೆ ಇದು ಸ್ವಲ್ಪ ನಿರಾಸೆಯನ್ನು ಉಂಟುಮಾಡಿತು.

ಅವರ ಮೊದಲ ಭೇಟಿಯೇ ನನಗೆ ಈ ಸೇವೆಯ ಮೇಲೆ ಗೌರವ ಹುಟ್ಟಿಸಿದ್ದು. ವಿನ್ಯಾಸಕಿ ಬೆಳಿಗ್ಗೆ ಏಳು ಗಂಟೆಗೆ ಬರುತ್ತೇನೆ, ನೀವು ಎಂದಿನಂತೆ ತಿಂಡಿ ಮತ್ತು ಡಬ್ಬಿಗೆ ಅಡುಗೆ ಮಾಡಿ, ನನ್ನನ್ನು ಮಾತಾಡಿಸಬೇಡಿ ಎಂದರು. ಒಂದು ಸ್ಟೂಲಿನ ಮೇಲೆ ಬಾಗಿಲ ಬಳಿ ಕೂತು, ನಾನೂ ಅತ್ತೆಯವರೂ ಎಲ್ಲಿಂದ ಎಲ್ಲಿಗೆ ಹೋಗುತ್ತೇವೆ ಎಂಬುದನ್ನು ಹಾಳೆಯ ಮೇಲೆ ಗೆರೆಗಳಾಗಿ ಎಳೆಯುತ್ತ ಹೋದರು. ಒಂದು ಗಂಟೆಯ ಕೊನೆಗೆ ಅದನ್ನು ತೋರಿಸಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಲೆಗೂ ಜಗಲಿಗೂ ನಡುವೆ ಗೆರೆಗಳು ಕಪ್ಪಗೆ ಮೆತ್ತಿಕೊಂಡಿದ್ದವು. ಫ್ರಿಜ್ ಕಡೆಗೆ ಹೋದ ಗೆರೆಗಳು ನಾಲ್ಕೇ ನಾಲ್ಕು. ಹಾಲು, ಮೊಸರು, ತರಕಾರಿಯನ್ನು ಅತ್ತೆಯವರು ಒಂದೇ ಸಲ ತೆಗೆದಿಟ್ಟುಕೊಳ್ಳುತ್ತಾರೆ. ಆದರೆ ಕಾಯಿ ತುರಿಯುವುದಕ್ಕೆ, ಮಿಕ್ಸಿಗೆ, ಪಾತ್ರೆಗಳನ್ನು ಹೊರಗಿನ ಒಗೆಯುವ ಕಲ್ಲಿನ ಬಳಿ ಹಾಕುವುದಕ್ಕೆ ಓಡಾಡುತ್ತಲೇ ಇರುತ್ತೇವೆ. ನಮ್ಮ ಮನೆಯಲ್ಲಿ ನಾವೇ ಇಷ್ಟು ವರ್ಷ ಮಾಡಿದ ಕೆಲಸ, ಆದರೂ ಅದರ ಆಕಾರವನ್ನು ನಾವು ನೋಡಿರಲಿಲ್ಲ.

ಅಡುಗೆಮನೆಯ ವಿನ್ಯಾಸ ಎಂದೊಡನೆ ಎಲ್ಲರೂ ಹೇಳುವ ಒಂದು ತ್ರಿಕೋನವಿದೆ. ಸಿಂಕ್, ಒಲೆ, ಫ್ರಿಜ್ ಈ ಮೂರನ್ನು ಗೆರೆಗಳಿಂದ ಜೋಡಿಸಿದರೆ ಪ್ರತಿ ಗೆರೆ 4ರಿಂದ 9 ಅಡಿ, ಮೂರೂ ಸೇರಿ 13ರಿಂದ 26 ಅಡಿಯ ಒಳಗಿರಬೇಕು ಎಂಬ ಲೆಕ್ಕ ಅದು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಯನದಿಂದ ರೂಪುಗೊಂಡ ಈ ಸೂತ್ರವನ್ನು ಮಾಡ್ಯುಲರ್ ಅಂಗಡಿಯವರೂ ನಮಗೆ ಹೇಳಿದ್ದರು. ಆದರೆ ರುಬ್ಬುವುದೂ ತುರಿಯುವುದೂ ದಿನದ ಕೆಲಸವಾಗಿರುವ ಮನೆಯಲ್ಲಿ ಮೂರನೆಯ ಮೂಲೆ ಫ್ರಿಜ್ ಅಲ್ಲ, ಮಿಕ್ಸಿ ಎಂದು ನಮ್ಮ ವಿನ್ಯಾಸಕಿ ತೀರ್ಮಾನಿಸಿದರು. ಫ್ರಿಜ್ಜನ್ನು ಊಟದ ಕೋಣೆಯ ಗೋಡೆಗೆ ಸರಿಸಿ, ಅದು ತಿನ್ನುತ್ತಿದ್ದ ಜಾಗವನ್ನು ಮಿಕ್ಸಿಗೆ ಕೊಟ್ಟರು. ಈಗ ಸಿಂಕ್‌ನಿಂದ ಒಲೆಗೆ 7 ಅಡಿ, ಮಿಕ್ಸಿ ಎರಡರ ನಡುವೆ ಎದುರಿನ ಗೋಡೆಯಲ್ಲಿ. ಮೂರೂ ಸೇರಿ ಸುಮಾರು 18 ಅಡಿ. ಹಳೆಯ ಸೂತ್ರ ಹಾಳಾಗಲಿಲ್ಲ, ಅದರೊಳಗಿನ ವಸ್ತು ಬದಲಾಯಿತು.

ಓಡಾಡುವ ದಾರಿಯ ಅಗಲದ ವಿಷಯದಲ್ಲಿ ಅವರು ತೋರಿಸಿದ ಜಾಣತನವನ್ನು ಹೇಳಲೇಬೇಕು. ಏಳೂವರೆ ಅಡಿ ಎಂದರೆ 90 ಇಂಚು. ಎರಡೂ ಬದಿಗೆ ರೂಢಿಯ 24 ಇಂಚಿನ ಕಟ್ಟೆ ಹಾಕಿದರೆ ನಡುವೆ 42 ಇಂಚು ಉಳಿಯುತ್ತದೆ. ಒಬ್ಬರು ಕೆಲಸ ಮಾಡುವ ಅಡುಗೆಮನೆಗೆ ಅದು ಧಾರಾಳ. ಇಬ್ಬರು ಬೆನ್ನಿಗೆ ಬೆನ್ನು ಮಾಡಿ ನಿಂತಾಗ, ಅವರಲ್ಲಿ ಒಬ್ಬರ ಕೈಯಲ್ಲಿ ಕುದಿಯುವ ಸಾರಿನ ಪಾತ್ರೆ ಇದ್ದಾಗ, ಸಾಲದು. ಆದ್ದರಿಂದ ಪಶ್ಚಿಮದ ಗೋಡೆಯ ಕಟ್ಟೆಯನ್ನು 18 ಇಂಚಿಗೆ ಇಳಿಸಿ, ದಾರಿಯನ್ನು 48 ಇಂಚು ಮಾಡಿದರು. ಮಿಕ್ಸಿಗೂ ಡಬ್ಬಿಗಳಿಗೂ 18 ಇಂಚು ಸಾಕು. ಅದಕ್ಕಿಂತ ಆಳದ ಕಪಾಟಿನಲ್ಲಿ ಹಿಂದಿನ ಸಾಲಿನ ಡಬ್ಬಿ ಯಾವುದೆಂದು ಮುಂದಿನ ಯುಗಾದಿಯವರೆಗೆ ಗೊತ್ತಾಗುವುದಿಲ್ಲ. ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿಗಳಿಗೆಂದು ರೂಪಿಸಿದ ಪ್ರಸಿದ್ಧ ಅಡುಗೆಮನೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದವಿತ್ತು, ಅಂದರೆ ಉದ್ದದಲ್ಲಿ ಹೆಚ್ಚುಕಡಿಮೆ ನಮ್ಮದೇ ಅಳತೆ. ಹೆಜ್ಜೆಗಳನ್ನು ಉಳಿಸಲೆಂದೇ ಎಣಿಸಿ ಮಾಡಿದ ವಿನ್ಯಾಸ ಅದು. ಆದರೆ ಒಬ್ಬಳೇ ಗೃಹಿಣಿ ಒಂಟಿಯಾಗಿ ದುಡಿಯುವಂತೆ ಮಾಡಿದ್ದರಿಂದ ಇನ್ನೊಬ್ಬರಿಗೆ ಅಲ್ಲಿ ಜಾಗವಿರಲಿಲ್ಲ ಎಂಬ ಟೀಕೆಯೂ ಅದರ ಮೇಲಿದೆ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ನಿಲ್ಲುವ ಮನೆಗೆ ಆರು ಇಂಚು ದೊಡ್ಡ ವಿಷಯ.

ಇನ್ನು ಕಟ್ಟೆಯ ಎತ್ತರ. ಬೇರೆ ಯಾರೂ ಕೇಳದೇ ಇದ್ದದ್ದು ಇದೇ. ವಿನ್ಯಾಸಕಿ ಟೇಪು ಹಿಡಿದು ಗೋಡೆಯ ಬಳಿ ಹೋಗುವ ಮೊದಲು ನನ್ನನ್ನೂ ಅತ್ತೆಯವರನ್ನೂ ಚಪ್ಪಲಿಯಿಲ್ಲದೆ ನಿಲ್ಲಿಸಿ, ಕೈ ಮಡಚಿಸಿ, ನೆಲದಿಂದ ಮೊಣಕೈವರೆಗೆ ಅಳೆದರು. ನನ್ನ ಎತ್ತರ 5 ಅಡಿ 1 ಇಂಚು, ಮೊಣಕೈ 38 ಇಂಚಿಗೆ ಬರುತ್ತದೆ. ಅತ್ತೆಯವರದು ಅದಕ್ಕಿಂತ ಒಂದೂವರೆ ಇಂಚು ಕಡಿಮೆ. ಹೆಚ್ಚುವುದು, ಲಟ್ಟಿಸುವುದು ಮೊಣಕೈಗಿಂತ 4ರಿಂದ 6 ಇಂಚು ಕೆಳಗಿದ್ದರೆ ಭುಜ ನೋಯುವುದಿಲ್ಲ ಎಂಬ ಲೆಕ್ಕದಲ್ಲಿ ಹೆಚ್ಚುವ ಕಟ್ಟೆ 34 ಇಂಚಿಗೆ ನಿಂತಿತು. ಅತ್ತೆಯವರ ಈಳಿಗೆಯ ಕೆಲಸ ಹೇಗೂ ಕೂತು ಮಾಡುವಂಥದು. ಆದರೆ ಒಲೆಯ ಮಾತು ಬೇರೆ. ಕಟ್ಟೆಯ ಮೇಲೆ ಒಲೆಯೇ 5 ಇಂಚು, ಅದರ ಮೇಲೆ ಐದು ಲೀಟರಿನ ಕುಕ್ಕರ್ ಅಥವಾ ಹುಳಿಯ ಪಾತ್ರೆ. ಅದರೊಳಗೆ ಸೌಟು ಆಡಿಸಲು ಕೈ ಎದೆಯ ಮಟ್ಟಕ್ಕೆ ಏರಬೇಕು. ಆದ್ದರಿಂದ ಒಲೆಯಿರುವ ಭಾಗವನ್ನು ಮಾತ್ರ 31 ಇಂಚಿಗೆ ಇಳಿಸಿದರು. ಒಂದೇ ಕಲ್ಲು, ಎರಡು ಎತ್ತರ. ಮೇಸ್ತ್ರಿಗೆ ಇದು ಹಿಡಿಸಲಿಲ್ಲ. ಕಟ್ಟೆ ಎಂದರೆ ಒಂದೇ ಮಟ್ಟ ಇರಬೇಕು ಎಂದು ಅವರು ಎರಡು ದಿನ ವಾದಿಸಿದರು. ಮುದ್ದೆ ತಿರುವುವಾಗ ಕಾಲಬೆರಳ ಮೇಲೆ ನಿಲ್ಲಬೇಕಾದ ಅಗತ್ಯ ಈಗ ಅತ್ತೆಯವರಿಗೆ ಇಲ್ಲ ಎಂಬುದೇ ಆ ವಾದಕ್ಕೆ ಉತ್ತರ.

ವಾಸ್ತುವಿನ ಪ್ರಶ್ನೆ ಬಂದೇ ಬರುತ್ತದೆ, ನಮ್ಮಲ್ಲೂ ಬಂತು. ಒಲೆ ಆಗ್ನೇಯದಲ್ಲೇ ಇರಬೇಕು, ಪೂರ್ವಕ್ಕೆ ಮುಖ ಮಾಡಿ ಬೇಯಿಸಬೇಕು, ನೀರು ಈಶಾನ್ಯಕ್ಕಿರಲಿ ಎಂಬುದು ಅತ್ತೆಯವರ ಷರತ್ತು. ವಿನ್ಯಾಸಕಿ ನಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಪೂರ್ವದ ಗೋಡೆಯೇ ಹೊರಗೋಡೆಯಾದ್ದರಿಂದ ಚಿಮಣಿಯ ಕೊಳವೆ ಒಂದೇ ಬಾಗಿನಲ್ಲಿ ಹೊರಗೆ ಹೋಗುತ್ತದೆ, ಅಲ್ಲೇ ಇರಲಿ ಎಂದರು. ಕೊಳವೆ ಉದ್ದವಾದಷ್ಟೂ, ಬಾಗುಗಳು ಹೆಚ್ಚಿದಷ್ಟೂ ಒಗ್ಗರಣೆಯ ಘಾಟನ್ನು ಎಳೆಯುವ ಶಕ್ತಿ ಕುಗ್ಗುತ್ತದೆ. ಆರು ಇಂಚಿನ ಕೊಳವೆಯನ್ನು ನಾಲ್ಕಕ್ಕೆ ಇಳಿಸಬಾರದೆಂದು ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದರು. ಹಾಗಾಗಿ ಪೂರ್ವದ ಗೋಡೆಯ 132 ಇಂಚು ಹೀಗೆ ಹಂಚಿಹೋಯಿತು: ಉತ್ತರದ ತುದಿಯಲ್ಲಿ ಸಿಂಕಿಗೆ 36, ನಡುವೆ ಕಿಟಕಿಯ ಬೆಳಕು ಬೀಳುವ ಕಡೆ ಹೆಚ್ಚಲು 48, ಒಲೆಗೆ 36, ಅದರಾಚೆ ದಕ್ಷಿಣದ ಬಾಗಿಲಿನ ಕಡೆ 12 ಇಂಚು ಖಾಲಿ. ಆ ಹನ್ನೆರಡು ಇಂಚು ಸುಮ್ಮನೆ ಬಿಟ್ಟದ್ದಲ್ಲ. ಬಾಣಲೆಯ ಹಿಡಿ ಬಾಗಿಲ ದಾರಿಗೆ ಚಾಚಿಕೊಂಡು ಹೋಗುವವರ ಸೆರಗಿಗೆ ಸಿಕ್ಕಬಾರದು ಎಂದು. ಅಂಗಡಿಯವರು ಸೂಚಿಸಿದ್ದ ಎರಡು ತೊಟ್ಟಿಯ ಸಿಂಕನ್ನೂ ಕೈಬಿಡಿಸಿದರು. ಪಾತ್ರೆಗಳೆಲ್ಲ ಜಗಲಿಯಲ್ಲಿ ತೊಳೆಯುವುದಾದರೆ ಒಳಗೆ ಅಕ್ಕಿ ತೊಳೆಯಲು, ಸೊಪ್ಪು ತೊಳೆಯಲು ಒಂದೇ ತೊಟ್ಟಿ ಸಾಕಲ್ಲವೇ ಎಂದು ಕೇಳಿದಾಗ ನಮಗೆ ಉತ್ತರವಿರಲಿಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಗ್ರೈಂಡರ್ ಕಟ್ಟೆ. ಪಶ್ಚಿಮದ ಗೋಡೆಯ ದಕ್ಷಿಣದ ತುದಿಯಲ್ಲಿ ಮೂರಡಿ ಉದ್ದದ ಭಾಗವನ್ನು ಕೇವಲ 24 ಇಂಚು ಎತ್ತರಕ್ಕೆ ಕಟ್ಟಿಸಿ, ಅದರ ಅಂಚಿಗೆ ಒಂದು ಸಣ್ಣ ನಲ್ಲಿಯನ್ನೂ ಕೆಳಗೆ ಜಗಲಿಯ ಮೋರಿಗೆ ಸೇರುವ ಒಂದು ತೂತನ್ನೂ ಕೊಡಿಸಿದ್ದಾರೆ. ಎರಡು ಲೀಟರಿನ ವಾಲುವ ಗ್ರೈಂಡರ್ ಹತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಕಪಾಟಿನಿಂದ ಎತ್ತಿಡುವಂಥದ್ದಲ್ಲ, ನೆಲದಲ್ಲಿಟ್ಟರೆ ಬಗ್ಗಬೇಕು, ಎತ್ತರದ ಕಟ್ಟೆಯಲ್ಲಿಟ್ಟರೆ ಒಳಗಿನ ಹಿಟ್ಟು ಬಳಿಯಲು ಕೈ ಎಟುಕುವುದಿಲ್ಲ. ಈಗ ಅತ್ತೆಯವರು ಗಿಡ್ಡ ಸ್ಟೂಲು ಹಾಕಿಕೊಂಡು ಕೂತು ರುಬ್ಬಿ, ಅಲ್ಲೇ ನೀರು ಬಿಟ್ಟು ಕಲ್ಲು ತೊಳೆದು ಏಳುತ್ತಾರೆ. ತುರಿಮಣೆಗೂ ಅದೇ ಕಟ್ಟೆ. ಯಾವ ಅಂಗಡಿಯ ಪಟ್ಟಿಯಲ್ಲೂ ಇಂಥದ್ದು ಸಿಗುವುದಿಲ್ಲ, ಏಕೆಂದರೆ ಇದರಲ್ಲಿ ಮಾರಲು ಏನೂ ಇಲ್ಲ. ಇದು ಗಾರೆ ಕೆಲಸ ಮತ್ತು ಒಂದು ಕಲ್ಲಿನ ಹಲಗೆ.

ಅನಿಲದ ವಿಷಯದಲ್ಲಿ ಅವರು ಸ್ವಲ್ಪವೂ ಸಡಿಲ ಬಿಡಲಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಮುಚ್ಚಿದ ಕಪಾಟಿನಲ್ಲಿ ಸಿಲಿಂಡರ್ ಇಡುವುದು ಸರಿಯಲ್ಲ, ಇಟ್ಟರೂ ನೆಲಕ್ಕೆ ಹತ್ತಿರ ಗಾಳಿಕಿಂಡಿ ಇರಲೇಬೇಕು. ನಮ್ಮಲ್ಲಿ ಜಗಲಿ ಇದ್ದದ್ದರಿಂದ 14.2 ಕಿಲೋದ ಎರಡೂ ಸಿಲಿಂಡರುಗಳನ್ನು ಬಿಸಿಲು ಬೀಳದ ಮೂಲೆಗೆ ಕಳಿಸಿ, ಗೋಡೆಯ ಮೂಲಕ ಲೋಹದ ಕೊಳವೆಯನ್ನು ತರುವಂತೆ ಬರೆದರು. ರಬ್ಬರ್ ಟ್ಯೂಬನ್ನು ಗೋಡೆಯ ತೂತಿನಲ್ಲಿ ತೂರಿಸಿದರೆ ಒಳಗೆ ಅದು ಸವೆದದ್ದು ಯಾರಿಗೂ ಕಾಣುವುದಿಲ್ಲ. ಈ ಕೆಲಸವನ್ನು ಮಾತ್ರ ನಿಮ್ಮ ಪ್ಲಂಬರಿಗೆ ಕೊಡಬೇಡಿ, ವಿತರಕರ ಮೆಕ್ಯಾನಿಕ್ಕನ್ನು ಕರೆಸಿ ಎಂದರು. ಹಾಗೆಯೇ ಮಾಡಿದೆವು.

ವಿದ್ಯುತ್ತಿನ ಹಾಳೆ ಸರಿಯಾಗಿತ್ತು, ವಿವರಿಸುವಂಥದ್ದು ಹೆಚ್ಚಿಲ್ಲ. ಇಂಡಕ್ಷನ್ ಒಲೆ 2,000 ವಾಟ್ ಎಂದರೆ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ, ಅದಕ್ಕೆ 6 ಆಂಪಿಯರಿನ ಸಾಕೆಟ್ ಸಾಲದು, 16 ಆಂಪಿಯರಿನದೇ ಬೇಕು ಎಂಬಂಥ ಟಿಪ್ಪಣಿಗಳಿದ್ದವು. ನೆತ್ತಿಯ ಮೇಲಿನ ಒಂದೇ ದೀಪ ಹೆಚ್ಚುವವರ ನೆರಳನ್ನು ಅವರ ಕೈಮೇಲೆಯೇ ಬೀಳಿಸುತ್ತದೆಂದು ಮೇಲಿನ ಕಪಾಟಿನ ಅಡಿಗೆ ದೀಪದ ಪಟ್ಟಿ ಹಾಕಿಸಿದರು. ಅದು ಬಹಳ ಉಪಯೋಗಕ್ಕೆ ಬಂದಿದೆ.

ಸಾಮಗ್ರಿಗಳ ಪಟ್ಟಿಯಿಂದಾದ ಲಾಭ ಹಣದ ರೂಪದಲ್ಲೇ ಕಾಣಿಸಿತು. ಸಿಂಕಿನ ಕೆಳಗೆ ನೀರನ್ನು ಚೆನ್ನಾಗಿ ತಡೆಯುವ ಐಎಸ್ 710 ಗುರುತಿನ ಪ್ಲೈವುಡ್, ಉಳಿದ ಕಡೆ ಐಎಸ್ 303ರ ಬಿಡಬ್ಲ್ಯೂಆರ್ (ಕುದಿನೀರು ತಡೆಯುವ) ದರ್ಜೆ, ಮರದ ಪುಡಿ ಅಂಟಿಸಿ ಮಾಡಿದ ಪಾರ್ಟಿಕಲ್ ಬೋರ್ಡ್ ಎಲ್ಲೂ ಬೇಡ, ಸ್ಟೀಲ್ ಬುಟ್ಟಿಗಳು ಸುಲಭವಾಗಿ ತುಕ್ಕು ಹಿಡಿಯದ 304 ದರ್ಜೆಯವು, ಕೆಳಗಿನ ಕಪಾಟುಗಳಿಗೆ ಬಾಗಿಲ ಬದಲು ಆದಷ್ಟೂ ಎಳೆಯುವ ಡ್ರಾಯರುಗಳು ಎಂದು ಒಂದೊಂದಾಗಿ ಬರೆದಿದ್ದರು. ಕಟ್ಟೆಗೆ ಕ್ವಾರ್ಟ್ಜ್ ಬೇಕೆಂಬ ಆಸೆ ನನಗಿತ್ತು. ಅದು ಕಲ್ಲಿನ ಪುಡಿಯನ್ನು ರಾಳದಿಂದ ಅಂಟಿಸಿ ಮಾಡಿದ್ದು, ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರವಾಗಿ ಇಟ್ಟರೆ ಗುರುತು ಬೀಳುತ್ತದೆ, ನಿಮ್ಮ ಮನೆಯಲ್ಲಿ ಯಾರೂ ಕೆಳಗೆ ಮಣೆ ಇಟ್ಟು ಪಾತ್ರೆ ಇಳಿಸುವುದನ್ನು ನಾನು ನೋಡಲಿಲ್ಲ ಎಂದರು. ಚಾಮರಾಜನಗರದ ಕಡೆಯ ಕಪ್ಪು ಗ್ರಾನೈಟನ್ನೇ ಹಾಕಿಸಿದೆವು. ಈ ಪಟ್ಟಿ ಮತ್ತು ನಕ್ಷೆಯನ್ನು ಮೂವರು ಬಡಗಿಗಳಿಗೆ ಕೊಟ್ಟು ದರ ಕೇಳಿದಾಗ ಮೂವರೂ ಒಂದೇ ವಸ್ತುವಿಗೆ ಬೆಲೆ ಹೇಳಬೇಕಾಯಿತು. ಇದಿಲ್ಲದೆ ಹೋಗಿದ್ದರೆ ಒಬ್ಬರು ಒಂದು ಮರಕ್ಕೂ ಇನ್ನೊಬ್ಬರು ಇನ್ನೊಂದು ಹಲಗೆಗೂ ದರ ಹೇಳಿ, ನಾವು ಕಡಿಮೆಯ ಅಂಕಿಯನ್ನು ನೋಡಿ ಮರುಳಾಗುತ್ತಿದ್ದೆವು. ಗಾರೆ, ಕಲ್ಲು, ಮರ, ಕೊಳವೆ, ವಿದ್ಯುತ್ ಎಲ್ಲ ಸೇರಿ ನಮಗೆ ಬಿದ್ದ ಖರ್ಚು 3,70,000 ರೂಪಾಯಿ. ಮಾಡ್ಯುಲರ್ ಅಂಗಡಿಯವರು ಕಪಾಟು ಮತ್ತು ಚಿಮಣಿಗೇ 4,85,000 ಕೇಳಿದ್ದರು.

ಈಗ ದೂರುಗಳಿಗೆ ಬರುತ್ತೇನೆ. ಮೊದಲನೆಯದು ಕಿಟಕಿ. ಅದರ ಎತ್ತರ ಅಗಲವನ್ನು ಸರಿಯಾಗಿ ಅಳೆದಿದ್ದರು. ಆದರೆ ಬಾಗಿಲುಗಳು ಒಳಕ್ಕೆ ತೆರೆದುಕೊಳ್ಳುತ್ತವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿರಲಿಲ್ಲ. ಹೊಸ ಕಟ್ಟೆಯ ಎತ್ತರಕ್ಕೆ ಕಿಟಕಿಯ ಬಾಗಿಲು ತೆರೆದರೆ ಕೆಳಗಿನ ಅಂಚು ಸಿಂಕಿನ ನಲ್ಲಿಯ ಕೊರಳಿಗೆ ಬಡಿಯುತ್ತದೆ. ಮೊದಲ ಕರಡಿನಲ್ಲೂ ಕೊನೆಯ ನಕ್ಷೆಯಲ್ಲೂ ಉಳಿದುಬಂದಿದ್ದ ಈ ತಪ್ಪನ್ನು ಕಂಡುಹಿಡಿದವರು, ಎರಡು ಎತ್ತರದ ಕಟ್ಟೆಗೆ ಆಕ್ಷೇಪಿಸಿದ್ದ ಅದೇ ಮೇಸ್ತ್ರಿ. ಆ ವೇಳೆಗೆ ನೀರಿನ ಕೊಳವೆ ಗೋಡೆಯೊಳಗೆ ಹೋಗಿಯಾಗಿತ್ತು. ಗೋಡೆ ಮತ್ತೆ ಒಡೆಯುವ ಬದಲು ಆ ಕಿಟಕಿಗೆ ಜಾರುವ ಅಲ್ಯೂಮಿನಿಯಂ ಬಾಗಿಲು ಹಾಕಿಸಬೇಕಾಯಿತು, 9,000 ರೂಪಾಯಿ ಹೆಚ್ಚುವರಿ. ಮಾವನವರು ಇಷ್ಟಪಟ್ಟು ಮಾಡಿಸಿದ್ದ ತೇಗದ ಬಾಗಿಲುಗಳು ಈಗ ಅಟ್ಟದಲ್ಲಿವೆ. ವಿನ್ಯಾಸಕಿ ತಪ್ಪನ್ನು ಒಪ್ಪಿಕೊಂಡರು, ಕ್ಷಮೆ ಕೇಳಿದರು. ಆದರೆ ಹಣದ ಮಾತು ಎತ್ತಲಿಲ್ಲ, ನಾವು ಎತ್ತಿದಾಗ ಒಪ್ಪಂದದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದರು. ಒಪ್ಪಂದ ಎಂದರೆ ಒಂದು ಪುಟ, ಅದರಲ್ಲಿ ಅವಕಾಶವಿದ್ದದ್ದು ಅವರ ಶುಲ್ಕಕ್ಕೆ ಮಾತ್ರ.

ಎರಡನೆಯದು ಕಾಲ. ಮೂರು ವಾರದಲ್ಲಿ ಕೊನೆಯ ನಕ್ಷೆ ಎಂದಿದ್ದರು. ಏಳು ವಾರ ಹಿಡಿಯಿತು. ಆಷಾಢ ಮುಗಿದ ಕೂಡಲೆ ಒಡೆಯುವ ಕೆಲಸ ಶುರುಮಾಡಿ ನವರಾತ್ರಿಯೊಳಗೆ ಹೊಸ ಒಲೆ ಹಚ್ಚಬೇಕೆಂಬುದು ನಮ್ಮ ಲೆಕ್ಕವಾಗಿತ್ತು. ದಸರೆಗೆ ಊರಿನಿಂದ ಬಂದ ಎಂಟು ಜನರಿಗೆ ಜಗಲಿಯಲ್ಲಿ ಒಂದೇ ಒಲೆಯಿಟ್ಟು ಬೇಯಿಸಿದ್ದೇವೆ. ತಡವಾಗುತ್ತದೆಂದು ಅವರು ಮೊದಲೇ ತಿಳಿಸಿದ್ದರೆ ನಾವು ಅಡುಗೆಮನೆಯನ್ನು ದೀಪಾವಳಿಯ ನಂತರ ಮುಟ್ಟುತ್ತಿದ್ದೆವು. ಫೋನ್ ಮಾಡಿದಾಗಲೆಲ್ಲ ನಾಳಿದ್ದು ಎಂಬ ಉತ್ತರ ಬರುತ್ತಿತ್ತು.

ಇನ್ನೊಂದು ಕೊರತೆ ದೊಡ್ಡ ಪಾತ್ರೆಗಳದ್ದು. ಅವರು ನೋಡಿದ್ದು ಕೆಲಸದ ದಿನವೊಂದರ ಬೆಳಗಿನ ಅಡುಗೆ. ಹಬ್ಬಕ್ಕೆ, ಮಾವನವರ ತಿಥಿಗೆ ಹೊರಬರುವ ಕೊಳದಪ್ಪಲೆ, ಒಬ್ಬಟ್ಟಿನ ದೊಡ್ಡ ಕಾವಲಿ, ಹಪ್ಪಳದ ಡಬ್ಬಗಳು ಆ ದಿನ ಕಣ್ಣಿಗೆ ಬೀಳಲಿಲ್ಲ, ಅವರು ಕೇಳಲೂ ಇಲ್ಲ. ಹಳೆಯ ಅಟ್ಟವನ್ನು ಕಿರಿದು ಮಾಡಿ ಮೇಲೆ ಕಪಾಟು ಬಂದದ್ದರಿಂದ ಅವುಗಳಲ್ಲಿ ಅರ್ಧ ಈಗ ಮಲಗುವ ಕೋಣೆಯ ಮಂಚದ ಕೆಳಗಿವೆ. ಇದರಲ್ಲಿ ನಮ್ಮ ತಪ್ಪೂ ಇದೆ, ಕರಡು ನೋಡಿದಾಗ ನಮಗೂ ನೆನಪಾಗಲಿಲ್ಲ. ಆದರೆ ನೆನಪಿಸುವುದಕ್ಕೇ ಅಲ್ಲವೇ ಅವರಿಗೆ ಹಣ ಕೊಟ್ಟದ್ದು?

ಕಟ್ಟೆಯ ಎರಡು ಎತ್ತರಗಳ ನಡುವಿನ ಮೂರು ಇಂಚಿನ ಮೆಟ್ಟಿಲಿನ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಗಟ್ಟಿಯಾಗಿಲ್ಲ. ಮೊದಲು ಹೆಚ್ಚಿದ ತರಕಾರಿಯ ತಟ್ಟೆಯನ್ನು, ಭಾರದ ಪಾತ್ರೆಯನ್ನು ಕಲ್ಲಿನ ಮೇಲೆ ಜಾರಿಸಿಕೊಂಡು ಒಲೆಯವರೆಗೆ ತರುತ್ತಿದ್ದೆ, ಈಗ ಎತ್ತಿಡಬೇಕು. ಆ ಸಂದಿಯಲ್ಲಿ ಹಿಟ್ಟು ಸೇರಿಕೊಂಡರೆ ಕಡ್ಡಿ ಹಾಕಿ ಕೀಳಬೇಕು. ಒಲೆಯ ಕಟ್ಟೆ ತಗ್ಗಿದ್ದರಿಂದ ಚಿಮಣಿಯೂ ತಗ್ಗಿತು ಎಂಬುದು ಮಾತ್ರ ಯಾರೂ ಮುಂಗಾಣದೆ ಹೋದ ಪರಿಣಾಮ. ಒಲೆಗೂ ಚಿಮಣಿಗೂ ನಡುವೆ ಸಾಮಾನ್ಯವಾಗಿ 26ರಿಂದ 30 ಇಂಚು ಬಿಡುತ್ತಾರೆ; ನಮ್ಮಲ್ಲಿ 28. ಕಟ್ಟೆ 31, ಒಲೆ 5, ನಡುವೆ 28 ಎಂದರೆ ಚಿಮಣಿಯ ಅಂಚು ನೆಲದಿಂದ 64 ಇಂಚಿಗೆ ಬರುತ್ತದೆ. ನನಗೂ ಅತ್ತೆಯವರಿಗೂ ಅದು ತಲೆಗಿಂತ ಮೇಲಿದೆ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಮಾಡುವ ನನ್ನ ಪತಿ 5 ಅಡಿ 9 ಇಂಚು. ಬಾಣಲೆಯೊಳಗೆ ಬಗ್ಗಿ ನೋಡಿದಾಗಲೆಲ್ಲ ಹಣೆ ಬಡಿಸಿಕೊಳ್ಳುತ್ತಾರೆ. ಮೊಣಕೈ ಅಳೆಯುವ ದಿನ ಅವರು ಕಚೇರಿಗೆ ಹೋಗಿದ್ದರು.

ಇಷ್ಟರ ಮೇಲೂ ಈ ಸೇವೆಗೆ ಕೊಟ್ಟ 18,000 ರೂಪಾಯಿಯ ಬಗ್ಗೆ ನನಗೆ ವಿಷಾದವಿಲ್ಲ. ಕಪಾಟು ಮಾರುವವರ ಕೈಯಿಂದ ನಕ್ಷೆಯನ್ನು ಬಿಡಿಸಿಕೊಂಡದ್ದರಿಂದಲೇ ಗ್ರೈಂಡರ್ ಕಟ್ಟೆಯೂ 48 ಇಂಚಿನ ದಾರಿಯೂ ಸಾಧ್ಯವಾದವು. ಹೊಸದಾಗಿ ಕಟ್ಟುವ ಮನೆಗಿಂತ ಹಳೆಯ ಮನೆಗೆ, ಅದರಲ್ಲೂ ಇಬ್ಬರು ಮೂವರು ಒಟ್ಟಿಗೆ ಅಡುಗೆ ಮಾಡುವ ಮನೆಗೆ ಇದು ಹೆಚ್ಚು ಉಪಯುಕ್ತ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಿಂಕಿನ ಜಾಗ, ಕೊಳವೆಯ ಜಾಗ ಎಲ್ಲ ಮೊದಲೇ ನಿಗದಿಯಾಗಿರುವ ಕಡೆ ಇಷ್ಟು ಹಣ ಕೊಡುವ ಅಗತ್ಯ ಕಡಿಮೆ. ಅಲ್ಲಿ ಒಂದು ಗಂಟೆಯ ಸಲಹೆ ಸಾಕಾದೀತು. ಕೆಲಸ ನಡೆಯುವಾಗ ಬಂದು ನೋಡುವುದು ಶುಲ್ಕದಲ್ಲಿ ಸೇರಿಲ್ಲ, ಪ್ರತಿ ಹೆಚ್ಚುವರಿ ಭೇಟಿಗೆ 1,500 ರೂಪಾಯಿ. ಕೊಳವೆ ಹೂಳುವ ಮುನ್ನ ಒಂದು ಭೇಟಿಗೆ ಆ ಹಣ ಕೊಟ್ಟಿದ್ದರೆ ಕಿಟಕಿಯ 9,000 ಉಳಿಯುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಇಂಥ ಸೇವೆಯನ್ನು ಪಡೆಯುವವರು ಕರಡು ಬಂದ ದಿನವೇ ಅದನ್ನು ತಮ್ಮ ಮೇಸ್ತ್ರಿಗೆ ತೋರಿಸಿ, ಸುಣ್ಣದಕಡ್ಡಿಯಲ್ಲಿ ಗೋಡೆಯ ಮೇಲೆ ಕಟ್ಟೆಯ ಗೆರೆ ಎಳೆಸಿ, ಪ್ರತಿಯೊಂದು ಬಾಗಿಲನ್ನೂ ಕಿಟಕಿಯನ್ನೂ ಪೂರ್ತಿ ತೆರೆದು ನೋಡಬೇಕು. ವರ್ಷಕ್ಕೊಮ್ಮೆ ಹೊರಬರುವ ಪಾತ್ರೆಗಳನ್ನೆಲ್ಲ ಅಟ್ಟದಿಂದ ಇಳಿಸಿ ನೆಲದ ಮೇಲೆ ಹರವಿ ತೋರಿಸಬೇಕು. ಮೊಣಕೈ ಅಳೆಯುವ ದಿನ ಮನೆಯ ಗಂಡಸರಿಗೂ ರಜೆ ಹಾಕಿಸಬೇಕು. ಎರಡನೆಯ ಕಂತನ್ನು ಇದೆಲ್ಲ ಆಗುವ ತನಕ ಕೊಡಬೇಕಾಗಿಲ್ಲ, ನಾವು ಕರಡು ಕೈಗೆ ಬಂದ ಸಂಜೆಯೇ ಕೊಟ್ಟುಬಿಟ್ಟೆವು.